ಕೊಳ್ಳುವ ಸೇರು, ಕೊಡುವ ಸೇರು: ಪ್ರತ್ಯೇಕತೆಯ ವಾದಗಳ ಒಂದು ವಿಮರ್ಶೆ

2018ರ ಜುಲೈ ತಿಂಗಳಲ್ಲಿ ರಾಜ್ಯದ ಆಯವ್ಯಯ ಪತ್ರವು ಮಂಡನೆಯಾದಾಗ, ಮಂಡ್ಯ, ಹಾಸನ ಮತ್ತು ರಾಮನಗರ ಜಿಲ್ಲೆಗಳಿಗೆ ಮಿತಿಮೀರಿದ ಪಾಲು ಸಂದಿತೆಂಬ ಆಕ್ಷೇಪವು ಉತ್ತರ ಕರ್ನಾಟಕದಲ್ಲಿ ಎದ್ದಿತು. ಅದರ ಬೆನ್ನಿಗೇ ಪ್ರತ್ಯೇಕ ರಾಜ್ಯದ ಕೂಗು ಕೇಳಿಬಂದು, ಆಗಸ್ಟ್ 2ರಂದು ಬಂದ್ ಆಚರಿಸಲು ಕರೆ ನೀಡಲಾಯಿತು. ಬಂದ್‌ಗೆ ದೊರೆತ ಬೆಂಬಲವು ಅಲ್ಪವೇ. ಆದರೆ ಅದಕ್ಕೆ ದಕ್ಷಿಣದ ಜಿಲ್ಲೆಗಳಿಂದ ಬಂದ ಉತ್ತರಗಳು ವಿಚಾರಾರ್ಹವಾಗಿವೆ. ನಾಡನ್ನು ಒಡೆಯಬಯಸುವವರು ದ್ರೋಹಿಗಳು ಎಂಬುದು ಒಂದು ಉತ್ತರ. ಬೇಡವೆಂದವರು ಹೋಗಲಿ, ನಮಗೇನು ನಷ್ಟ ಎಂಬುದು ಮತ್ತೊಂದು. ಇವೆರಡೂ ಪರಸ್ಪರ ವಿರುದ್ಧವಾಗಿ ಕಂಡರೂ ಮೂಲದಲ್ಲಿ ಒಂದೇ. ಅಗಲಬೇಕೆನ್ನುವವನು ಮುಂದಿಡುವ ಲೆಕ್ಕವನ್ನು ತೆರೆದು ನೋಡಲು ಇವೆರಡೂ ನಿರಾಕರಿಸುತ್ತವೆ.

ಮಂಡ್ಯ, ಮದ್ದೂರು, ಮಳವಳ್ಳಿಗಳ ಜನತೆಗೆ ಈ ನಿರಾಕರಣೆಯು ಶೋಭಿಸುವುದಿಲ್ಲ. ಏಕೆಂದರೆ ಇಂದು ಉತ್ತರದವರು ಆಡುವ ಮಾತನ್ನು ಒಂದು ಕಾಲದಲ್ಲಿ ಆಡಿದವರು ಹಳೆಯ ಮೈಸೂರಿನವರೇ. ಫಜಲ್ ಅಲಿ, ಹೃದಯನಾಥ ಕುಂಜ್ರು ಮತ್ತು ಕೆ. ಎಂ. ಪಣಿಕ್ಕರ್ ಅವರಿದ್ದ ರಾಜ್ಯ ಪುನರ್ವಿಂಗಡಣಾ ಆಯೋಗವು 1955ರ ಸೆಪ್ಟೆಂಬರ್‌ನಲ್ಲಿ ವರದಿ ನೀಡಿ, ಕನ್ನಡ ಪ್ರದೇಶಗಳೆಲ್ಲವನ್ನೂ ಒಂದು ರಾಜ್ಯವಾಗಿಸಲು ಸಲಹೆ ಮಾಡಿದಾಗ, ಮೈಸೂರಿನ ಒಳಗೇ ತೀವ್ರವಾದ ವಿರೋಧವಿದ್ದಿತು. ಕನ್ನಡಿಗರಿಗೆ ಎರಡು ರಾಜ್ಯಗಳಿದ್ದರೆ ತಪ್ಪೇನು ಎಂಬುದು ಆ ಪಕ್ಷದ ಪ್ರಶ್ನೆ. ಕನ್ನಂಬಾಡಿಯ ಕಟ್ಟೆ, ಶಿವನಸಮುದ್ರದ ವಿದ್ಯುತ್ತು, ಭದ್ರಾವತಿಯ ಕಬ್ಬಿಣ, 1933ರಲ್ಲಿ ಮಂಡ್ಯದಲ್ಲಿ ಆರಂಭವಾದ ಸಕ್ಕರೆ ಕಂಪನಿ, ಇವೆಲ್ಲವೂ ಮೈಸೂರಿನ ಜನರ ತೆರಿಗೆ ಮತ್ತು ದುಡಿಮೆಯಿಂದ ಆದುವು; ಹಿಂದುಳಿದ ಪ್ರದೇಶಗಳ ಭಾರವನ್ನು ಹೊತ್ತರೆ ಈ ಸಂಪತ್ತು ಕರಗುವುದು ಎಂಬುದು ಅವರ ವಾದ. ಹೊಸ ರಾಜ್ಯದಲ್ಲಿ ಜನಸಂಖ್ಯೆಯ ಬಲಾಬಲವು ಬದಲಾಗಿ ತಮ್ಮ ನಾಯಕತ್ವವು ಕುಂದೀತೆಂಬ ಭಯವೂ ಒಕ್ಕಲಿಗ ಸಮುದಾಯದ ಹಲವು ಮುಖಂಡರಲ್ಲಿದ್ದಿತು. ಆಯೋಗವು ಈ ಭಯವನ್ನು ಮುಚ್ಚಿಡಲಿಲ್ಲ. ಅದನ್ನು ಹೆಸರಿಸಿ, ಕೂಡಿದ ರಾಜ್ಯದಲ್ಲಿ ಯಾವುದೊಂದು ಸಮುದಾಯವೂ ಏಕಾಂಗಿಯಾಗಿ ಮೇಲುಗೈ ಪಡೆಯಲಾರದೆಂದು ಸಮಾಧಾನವನ್ನು ಹೇಳಿತು.

ಅಂದು ಮೈಸೂರಿನವರು ಆಡಿದರೆ ವಿವೇಕ, ಇಂದು ಉತ್ತರದವರು ಆಡಿದರೆ ದ್ರೋಹ ಎನ್ನುವುದು ಯಾವ ನ್ಯಾಯ? ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನವೆಂಬುದೊಂದು. ಕೊಳ್ಳುವಾಗ ದೊಡ್ಡ ಸೇರು, ಕೊಡುವಾಗ ಚಿಕ್ಕ ಸೇರು ಇಟ್ಟುಕೊಳ್ಳುವ ವ್ಯಾಪಾರವದು. ಧಾನ್ಯವನ್ನು ಅಳೆಯುವಾಗ ಈ ದೋಷಕ್ಕೆ ಅಂಜುವ ಗೃಹಸ್ಥನು ವಾದವನ್ನು ಅಳೆಯುವಾಗ ಅದನ್ನು ದೋಷವೆಂದೇ ಎಣಿಸದಿರುವುದು ಸಾರ್ವಜನಿಕ ಚರ್ಚೆಯ ಮೊದಲ ರೋಗ.

ಏಕೀಕರಣವನ್ನು ಬಯಸಿದವರ ಲೆಕ್ಕವೂ ಸಣ್ಣದಾಗಿರಲಿಲ್ಲ. ಕನ್ನಡಿಗರು ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಮತ್ತು ಮೈಸೂರು ಎಂಬ ಐದು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಮಳವಳ್ಳಿಯವರಿಗೆ ಇದರ ಅರ್ಥವನ್ನು ದೂರ ಹೋಗಿ ಅರಿಯಬೇಕಾಗಿರಲಿಲ್ಲ. ಗಗನಚುಕ್ಕಿಯ ಈಚೆಯ ದಡವು ಮೈಸೂರಾದರೆ, ಕಾವೇರಿಯನ್ನು ದಾಟಿದೊಡನೆ ಸಿಗುವ ಕೊಳ್ಳೇಗಾಲವು ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಎರಡು ದಡಗಳ ಮಾತೂ ಕನ್ನಡವೇ. ಆದರೆ ನ್ಯಾಯಾಲಯ, ಶಾಲೆ, ತೆರಿಗೆಗಳೆಲ್ಲ ಬೇರೆ ಬೇರೆ. ಜೈನ ಸಮಾಜವಾದರೂ ಅಷ್ಟೇ. ಶ್ರವಣಬೆಳಗೊಳವು ಮೈಸೂರಿನಲ್ಲಿ, ಮೂಡಬಿದಿರೆ ಮತ್ತು ಕಾರ್ಕಳಗಳು ಮದರಾಸಿನಲ್ಲಿ, ಬೆಳಗಾವಿಯ ಶ್ರಾವಕರು ಮುಂಬಯಿಯಲ್ಲಿ. ಈ ಗೋಡೆಗಳು ಬೀಳಬೇಕೆಂದು ಆಲೂರು ವೆಂಕಟರಾಯರಂಥವರು ದಶಕಗಳ ಕಾಲ ಶ್ರಮಿಸಿದ್ದರು. 1953ರಲ್ಲಿ ಅದರಗುಂಚಿ ಶಂಕರಗೌಡರು ಇದಕ್ಕಾಗಿಯೇ ಉಪವಾಸ ಕುಳಿತರು.

ಈ ಎರಡು ಪಕ್ಷಗಳ ನಡುವೆ ತೀರ್ಮಾನವಾದುದು ಹೇಗೆ? ಜನಮತಗಣನೆಯಿಂದಲ್ಲ. ಸಂವಿಧಾನದ ಮೂರನೆಯ ಅನುಚ್ಛೇದದಂತೆ ರಾಜ್ಯಗಳ ಗಡಿಯನ್ನು ಬದಲಿಸುವ ಅಧಿಕಾರವು ಸಂಸತ್ತಿನದು. ರಾಜ್ಯದ ವಿಧಾನಮಂಡಲವು ಅಭಿಪ್ರಾಯವನ್ನು ಹೇಳಬಹುದು, ತಡೆಯಲಾರದು. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ತಮ್ಮದೇ ಪಕ್ಷದ ಹಲವರ ಅಸಮಾಧಾನದ ನಡುವೆ ಏಕೀಕರಣದ ಪರವಾಗಿ ನಿಂತರು. ವಿರೋಧಪಕ್ಷದಲ್ಲಿದ್ದ ಶಾಂತವೇರಿ ಗೋಪಾಲಗೌಡರೂ ಅದೇ ಪಕ್ಷವನ್ನು ಹಿಡಿದರು. ಹೊಸ ರಾಜ್ಯವು ಹುಟ್ಟುವ ಮೊದಲೇ, 1956ರ ಆಗಸ್ಟ್‌ನಲ್ಲಿ, ಹನುಮಂತಯ್ಯನವರು ಅಧಿಕಾರವನ್ನು ಬಿಡಬೇಕಾಯಿತು. ನವೆಂಬರ್ 1ರಂದು ರಾಜ್ಯವು ಉದಯಿಸಿತು. ಮತಪೆಟ್ಟಿಗೆಯ ಮುಂದೆ ಈ ಪ್ರಶ್ನೆಯು ಬಂದುದು ನೆರೆಯ ಕೊಡಗಿನಲ್ಲಿ. 1952ರ ಚುನಾವಣೆಯಲ್ಲಿ ಮೈಸೂರಿನೊಡನೆ ಸೇರಬೇಕೆಂದ ಕಾಂಗ್ರೆಸ್ಸು 24 ಸ್ಥಾನಗಳಲ್ಲಿ 15ನ್ನು ಗೆದ್ದಿತು. ಪ್ರತ್ಯೇಕವಾಗಿರಬೇಕೆಂದ, ತಕ್ಕಡಿಯನ್ನು ಗುರುತಾಗಿ ಪಡೆದಿದ್ದ ಪಕ್ಷವು ಸೋತಿತು. ನಾಲ್ಕು ವರ್ಷಗಳ ಬಳಿಕ ಕೊಡಗು ಸೇರಿತು.

ಹೀಗೆ ಒಪ್ಪದವರನ್ನೂ ಒಳಗೊಂಡು ಕೂಡಿದ ಕುಟುಂಬದಲ್ಲಿ, ಕೂಡಿಸಿದವರಿಗೆ ಒಂದು ಹೊಣೆಯಿರುತ್ತದೆ. ಒಪ್ಪದವರ ಭಯವು ನಿಜವಾಯಿತೇ, ನಂಬಿ ಬಂದವರಿಗೆ ಕೊಟ್ಟ ಮಾತು ಸಂದಿತೇ ಎಂದು ಕಾಲಕಾಲಕ್ಕೆ ಲೆಕ್ಕ ಒಪ್ಪಿಸುವ ಹೊಣೆಯದು. ಮೈಸೂರಿನವರ ಭಯದ ಮಟ್ಟಿಗೆ ಹೇಳುವುದಾದರೆ, ಅದು ಬಹುಪಾಲು ಹುಸಿಯಾಯಿತು. ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಎಸ್. ಎಂ. ಕೃಷ್ಣ ಅವರು 1999ರಿಂದ 2004ರವರೆಗೆ ಅದೇ ಅಖಂಡ ರಾಜ್ಯದ ಮುಖ್ಯಮಂತ್ರಿಗಳಾಗಿದ್ದರು. ಉತ್ತರದವರ ನಂಬಿಕೆಯ ಲೆಕ್ಕವು ಹಾಗಿಲ್ಲ. ಕೃಷ್ಣ ಅವರ ಕಾಲದಲ್ಲಿಯೇ ನೇಮಕಗೊಂಡ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ವರದಿ ನೀಡಿ, ರಾಜ್ಯದ 175 ತಾಲ್ಲೂಕುಗಳ ಪೈಕಿ 114 ಹಿಂದುಳಿದಿವೆಯೆಂದೂ, ಅತ್ಯಂತ ಹಿಂದುಳಿದ 39ರಲ್ಲಿ 26 ಉತ್ತರದಲ್ಲಿವೆಯೆಂದೂ ತೋರಿಸಿತು. ಹೈದರಾಬಾದು ಕರ್ನಾಟಕಕ್ಕೆ ವಿಶೇಷ ಸ್ಥಾನವನ್ನು ಕೊಡುವ 371ಜೆ ಅನುಚ್ಛೇದವು ಸಂಸತ್ತಿನಲ್ಲಿ ಅಂಗೀಕಾರವಾಗಲು 2012ರ ಕೊನೆಯವರೆಗೆ, ಎಂದರೆ ಏಕೀಕರಣದಿಂದ 56 ವರ್ಷ, ಕಾಯಬೇಕಾಯಿತು. ಬಾಕಿಯನ್ನು ಕೇಳಲು ಬಂದವನನ್ನು ಮನೆಮುರುಕನೆಂದು ಕರೆದರೆ ಬಾಕಿಯು ತೀರುವುದಿಲ್ಲ. ಆದರೆ ಆ 39ರಲ್ಲಿ ಉಳಿದ 13 ತಾಲ್ಲೂಕುಗಳು ದಕ್ಷಿಣದವೇ ಎಂಬುದನ್ನು ಪ್ರತ್ಯೇಕತಾವಾದಿಗಳೂ ಹೇಳುವುದಿಲ್ಲ. ಬಡತನಕ್ಕೆ ದಿಕ್ಕೊಂದೇ ಕಾರಣವಲ್ಲವೆಂಬ ಸತ್ಯವು ಅವರ ಸೇರಿನಲ್ಲಿಯೂ ಅಳತೆಗೆ ಬರುವುದಿಲ್ಲ.

ಹಾಗಾದರೆ ಜನರನ್ನೇ ಕೇಳಿ ಒಂದೇ ದಿನದಲ್ಲಿ ಇತ್ಯರ್ಥ ಮಾಡಿಬಿಡಬಾರದೇ ಎಂಬ ಪ್ರಶ್ನೆಯು ಸಹಜವಾಗಿ ಏಳುತ್ತದೆ. ಇದಕ್ಕೆ ಬ್ರಿಟನ್ನಿನ ಅನುಭವವು ಉತ್ತರ. ಅಲ್ಲಿಯದು ಸಾರ್ವಭೌಮ ರಾಷ್ಟ್ರವೊಂದು ಐರೋಪ್ಯ ಒಕ್ಕೂಟವನ್ನು ತೊರೆಯುವ ಪ್ರಶ್ನೆ. ನಮ್ಮದು ಒಂದೇ ರಾಷ್ಟ್ರದೊಳಗಿನ ರಾಜ್ಯದ ಪ್ರಶ್ನೆ. ಆದರೂ ವಾದಿಸುವ ಮನುಷ್ಯಸ್ವಭಾವವು ಒಂದೇ. 2016ರ ಜೂನ್ 23ರಂದು ಶೇಕಡ 51.9 ಮಂದಿ ತೊರೆಯಬೇಕೆಂದೂ, ಶೇಕಡ 48.1 ಮಂದಿ ಉಳಿಯಬೇಕೆಂದೂ ಮತವಿತ್ತರು. ಸ್ಕಾಟ್ಲೆಂಡ್ ಮತ್ತು ಉತ್ತರ ಐರ್ಲೆಂಡುಗಳಲ್ಲಿ ಬಹುಮತವು ಉಳಿಯುವ ಪರವಾಗಿತ್ತು. ಮತವು ಮುಗಿದರೂ ಜಗಳವು ಮುಗಿಯಲಿಲ್ಲ. ಹೇಗೆ ತೊರೆಯಬೇಕೆಂಬುದನ್ನು ಮತಪತ್ರವು ಕೇಳಿಯೇ ಇರಲಿಲ್ಲ. ಪ್ರಧಾನಿ ಥೆರೆಸಾ ಮೇ ಅವರ ಒಪ್ಪಂದವು 2019ರಲ್ಲಿ ಸಂಸತ್ತಿನಲ್ಲಿ ಮೂರು ಬಾರಿ ಸೋತಿತು. ಬ್ರಿಟನ್ ಹೊರಬಂದುದು 2020ರ ಜನವರಿ 31ರಂದು.

ಆ ಚರ್ಚೆಯಲ್ಲಿ ಅಂಕಿಗಳು ಪಟ್ಟ ಪಾಡು ವ್ಯಾಪಾರಿ ಕುಟುಂಬಗಳಿಗೆ ಬೇಗನೆ ತಿಳಿಯುವಂಥದು. ವಾರಕ್ಕೆ 35 ಕೋಟಿ ಪೌಂಡುಗಳನ್ನು ಒಕ್ಕೂಟಕ್ಕೆ ತೆರುತ್ತಿದ್ದೇವೆಂದು ತೊರೆಯುವ ಪಕ್ಷದವರು ಬಸ್ಸಿನ ಮೇಲೆ ಬರೆಸಿದರು. ಬ್ರಿಟನ್ನಿಗೆ ಸಲ್ಲುತ್ತಿದ್ದ ರಿಯಾಯಿತಿಯನ್ನೂ, ಒಕ್ಕೂಟದಿಂದ ಮರಳಿ ಬರುತ್ತಿದ್ದ ಹಣವನ್ನೂ ಅದರಲ್ಲಿ ಕಳೆದಿರಲಿಲ್ಲ. ಖರ್ಚಿನ ಪುಟವನ್ನು ತೋರಿಸಿ ಜಮೆಯ ಪುಟವನ್ನು ಮಡಚಿಟ್ಟ ಲೆಕ್ಕವದು. ಉಳಿಯುವ ಪಕ್ಷದವರೂ ನಿರ್ದೋಷಿಗಳಲ್ಲ. ತೊರೆಯಲು ಮತವಿತ್ತೊಡನೆ ಒಂದು ವರ್ಷ ಆರ್ಥಿಕ ಕುಸಿತವಾಗುವುದೆಂದು ಸರ್ಕಾರದ ಹಣಕಾಸು ಇಲಾಖೆಯೇ ಮುನ್ನುಡಿದಿತ್ತು. ಆ ಕುಸಿತವು ಆಗ ಬರಲಿಲ್ಲ. ಒಬ್ಬರು ಆಸೆಯನ್ನು, ಮತ್ತೊಬ್ಬರು ಅಂಜಿಕೆಯನ್ನು ಅಂಕಿಯ ವೇಷದಲ್ಲಿ ಮಾರಿದರು. ಇದಕ್ಕಿಂತ ಘೋರವಾದುದೂ ನಡೆಯಿತು. ಮತದಾನಕ್ಕೆ ಒಂದು ವಾರ ಮುಂಚೆ, ಉಳಿಯುವ ಪಕ್ಷದಲ್ಲಿದ್ದ ಸಂಸತ್ಸದಸ್ಯೆ ಜೋ ಕಾಕ್ಸ್ ಅವರು ತಮ್ಮ ಕ್ಷೇತ್ರದಲ್ಲಿಯೇ ಕೊಲೆಯಾದರು. ದ್ರೋಹಿ ಎಂಬ ಪದವು ಗಾಳಿಯಲ್ಲಿ ತೇಲುತ್ತಿರುವಾಗ, ಅದನ್ನು ಅಕ್ಷರಶಃ ನಂಬುವವನೊಬ್ಬನು ಎಲ್ಲಿಯೋ ಇದ್ದೇ ಇರುತ್ತಾನೆ. ಭಾವಹಿಂಸೆಯೇ ದ್ರವ್ಯಹಿಂಸೆಗೆ ಬೀಜವೆಂದು ಆಚಾರ್ಯರು ಹೇಳಿದುದು ಕೇವಲ ಮುನಿಗಳಿಗಾಗಿಯಲ್ಲ.

ಹಾಗೆಂದು ಜನಮತವೇ ದುಷ್ಟವೆನ್ನಲಾಗದು. ನೆರೆಯ ಗೋವೆಯಲ್ಲಿ 1967ರ ಜನವರಿ 16ರಂದು ಮಹಾರಾಷ್ಟ್ರದೊಡನೆ ವಿಲೀನವಾಗಬೇಕೇ ಬೇಡವೇ ಎಂದು ಜನರನ್ನು ಕೇಳಲಾಯಿತು. ವಿಲೀನದ ಪರವಾಗಿದ್ದ ಮುಖ್ಯಮಂತ್ರಿ ದಯಾನಂದ ಬಾಂದೋಡ್ಕರ್ ಅವರ ಮಂತ್ರಿಮಂಡಲವು, ಮತದಾನವು ನಿಷ್ಪಕ್ಷಪಾತವಾಗಿರಲೆಂದು ಮೊದಲೇ ಅಧಿಕಾರವನ್ನು ಬಿಟ್ಟಿತು. ವಿಲೀನದ ಪಕ್ಷವು 34,021 ಮತಗಳಿಂದ ಸೋತಿತು. ಎರಡು ತಿಂಗಳ ಬಳಿಕ ನಡೆದ ಚುನಾವಣೆಯಲ್ಲಿ ಅದೇ ಜನರು ಅದೇ ಬಾಂದೋಡ್ಕರ್ ಅವರನ್ನು ಮತ್ತೆ ಅಧಿಕಾರಕ್ಕೆ ತಂದರು. ಅವರ ಅಭಿಪ್ರಾಯವನ್ನು ತಿರಸ್ಕರಿಸಿದವರು ಅವರನ್ನು ತಿರಸ್ಕರಿಸಲಿಲ್ಲ. ವಾದ ಬೇರೆ, ವಾದಿಸುವ ವ್ಯಕ್ತಿ ಬೇರೆ ಎಂಬ ಈ ವಿವೇಕವೇ ಬ್ರಿಟನ್ನಿನ ಚರ್ಚೆಯಲ್ಲಿ ಕಾಣೆಯಾದುದು.

ಅನೇಕಾಂತವನ್ನು ಹಲವರು 'ಎಲ್ಲರೂ ಸರಿ' ಎಂಬ ಸುಲಭ ಸೂತ್ರವಾಗಿ ಬಳಸುವುದುಂಟು. ಅದು ಸರಿಯಲ್ಲ. 'ಸ್ಯಾತ್' ಎಂದರೆ 'ಇರಬಹುದೇನೋ' ಎಂಬ ಸಂಶಯವಲ್ಲ; 'ಇಂಥ ಒಂದು ದೃಷ್ಟಿಯಿಂದ' ಎಂಬ ಖಚಿತವಾದ ಮಾತು. ಭಾಷೆಯ ದೃಷ್ಟಿಯಿಂದ ಏಕೀಕರಣವು ನ್ಯಾಯವಾಗಿತ್ತು. ಹಂಚಿಕೆಯ ದೃಷ್ಟಿಯಿಂದ ಅದು ಇನ್ನೂ ಅಪೂರ್ಣವಾಗಿದೆ. ಇವೆರಡನ್ನೂ ಒಟ್ಟಿಗೆ ಹೇಳಬಲ್ಲವನು ನಾಡನ್ನು ಒಡೆಯಬೇಕೆನ್ನುವುದಿಲ್ಲ, ಒಡೆಯಬೇಕೆನ್ನುವವನನ್ನು ಹಳಿಯುವುದೂ ಇಲ್ಲ. ಹಿತ, ಮಿತ, ಪ್ರಿಯವಾಗಿ ಮಾತನಾಡೆಂಬ ಭಾಷಾಸಮಿತಿಯು ಇಲ್ಲಿ ಬರಿಯ ಸೌಜನ್ಯವಲ್ಲ, ಸತ್ಯವನ್ನು ಕಾಣುವ ಉಪಾಯ.

ಈ ವಿಚಾರವು ವಿಧಾನಸಭೆಗೆ ಮಾತ್ರ ಸಂಬಂಧಿಸಿದುದಲ್ಲ. ಬಸದಿಯ ಟ್ರಸ್ಟುಗಳಲ್ಲಿಯೂ ಕೂಡು ಕುಟುಂಬದ ಅಂಗಡಿಗಳಲ್ಲಿಯೂ ಸೇರುವ, ಬೇರೆಯಾಗುವ ಪ್ರಶ್ನೆಗಳು ಬರುತ್ತವೆ. ಕೈಯೆತ್ತಿಸಿ ಎಣಿಸಿ, ಬಹುಮತದಿಂದ ಅಂಗೀಕರಿಸಲಾಯಿತೆಂದು ನಡಾವಳಿ ಪುಸ್ತಕದಲ್ಲಿ ಒಂದು ಸಾಲು ಬರೆದು ಮುಗಿಸುವುದು ರೂಢಿ. ಒಪ್ಪದವರು ಯಾವ ಕಾರಣಕ್ಕೆ ಒಪ್ಪಲಿಲ್ಲವೆಂಬುದನ್ನೂ ಅವರ ಮಾತಿನಲ್ಲಿಯೇ ಅದರ ಕೆಳಗೆ ಬರೆದಿಡಬೇಕು. ಐದು ವರ್ಷಗಳ ಬಳಿಕ ಆ ಪುಟವನ್ನು ತೆರೆದು, ಅವರು ಅಂಜಿದುದು ಆಯಿತೇ, ಗೆದ್ದವರು ಹೇಳಿದುದು ನಡೆಯಿತೇ ಎಂದು ಸಭೆಯಲ್ಲಿ ಓದಬೇಕು. 1956ರಲ್ಲಿ ಈ ನಾಡು ಅಂಥದೊಂದು ಪುಟವನ್ನು ಬರೆದಿಟ್ಟು ಕಾಲಕಾಲಕ್ಕೆ ತೆರೆದಿದ್ದರೆ, 2018ರಲ್ಲಿ ಬೀದಿಗಿಳಿದು ಕೂಗುವ ಕಾರಣವು ಬಹಳಷ್ಟು ಕಡಿಮೆಯಾಗುತ್ತಿತ್ತು.