ಐದಾದರೆ ಮೂರು ಕೂಡಿಸು

ಚಿಪ್ಪಿನೊಳಗೆ ಸಂಖ್ಯೆ ಇರುವುದು ಸೊನ್ನೆ-ಒಂದುಗಳ ಸಾಲಾಗಿ. ಪರದೆಯ ಮೇಲೆ ಬೇಕಿರುವುದು ‘255’ ಎಂಬ ಮೂರು ಅಕ್ಷರ. ದೊಡ್ಡ ಕಂಪ್ಯೂಟರಿನಲ್ಲಿ ಇದು ‘ಪ್ರಿಂಟ್‌ಎಫ್’ನ ಒಂದೇ ಸಾಲಿಗೆ ಮುಗಿಯುವ ಕೆಲಸ. ಪಿಐಸಿ 16ಎಫ್84 ಎಂಬ ಪುಟ್ಟ ಚಿಪ್ಪಿನಲ್ಲಿ ಇರುವುದು 68 ಬೈಟ್ ರ‍್ಯಾಮ್, 35 ಆದೇಶ. ಗುಣಿಸಲೂ ಭಾಗಿಸಲೂ ಅದಕ್ಕೆ ಬಾರದು. ಹತ್ತರಿಂದ ಭಾಗಿಸಿ ಶೇಷ ತೆಗೆಯುವ ಶಾಲೆಯ ಪಾಠ ಅಲ್ಲಿ ನೇರವಾಗಿ ನಡೆಯದು. ಈ ಇಕ್ಕಟ್ಟಿನಲ್ಲಿ ಬೆಳೆದ ಅಸೆಂಬ್ಲಿ ಪರಂಪರೆಯನ್ನು ನಾನು ಗೌರವಿಸುತ್ತೇನೆ. ಅದರ ವೇಗದ ಹಟವನ್ನು ಮಾತ್ರ ಒಪ್ಪಲಾರೆ.

ಈ ಪರಂಪರೆಯ ತವರು ಕ್ಯಾಲ್ಕುಲೇಟರ್. 1971ರ ಇಂಟೆಲ್ 4004 ರೂಪುಗೊಂಡದ್ದೇ ಜಪಾನಿನ ಬ್ಯುಸಿಕಾಮ್ ಕಂಪನಿಯ ಲೆಕ್ಕದ ಯಂತ್ರಕ್ಕಾಗಿ. ಕೂಡಿದ ಮೇಲೆ ಉತ್ತರವನ್ನು ದಶಮಾನಕ್ಕೆ ಸರಿಪಡಿಸುವ ಆದೇಶ ಅದರಲ್ಲೇ ಇತ್ತು. 8080, ಝಡ್80, ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಲ್ಯಾಬಿನ 8051 ಇವೆಲ್ಲದರಲ್ಲೂ ಅದು ಇದೆ. ಎವಿಆರ್, ಪಿಐಸಿ16ಗಳಲ್ಲಿ ಇಲ್ಲ. ಕೆಳಗಿನ ನಾಲ್ಕು ಬಿಟ್‌ಗಳಿಂದ ದಶಕ ಏರಿತೆಂದು ತಿಳಿಸುವ ಗುರುತಷ್ಟೇ ಇದೆ.

ಸಂಖ್ಯೆಯನ್ನು ಅಂಕಿಗಳಾಗಿ ಬಿಡಿಸುವ ದಾರಿಗಳಲ್ಲಿ ಎಲ್ಲಕ್ಕಿಂತ ಸರಳವಾದದ್ದು ಕಳೆಯುವ ಪಂಥ. ಹತ್ತು ಸಾವಿರ, ಸಾವಿರ, ನೂರು, ಹತ್ತು ಎಂದು ಕಳೆಯುತ್ತಾ, ಎಷ್ಟು ಸಲ ಕಳೆದೆವೆಂದು ಎಣಿಸುವುದು. 10,000ಕ್ಕೆ ಒಂದೇ ಸಲ ಕಳೆದರೆ ಮುಗಿಯಿತು, 59,999ಕ್ಕೆ 32 ಸಲ ಬೇಕು.

ನನ್ನ ಮನಸ್ಸು ಸೋತಿರುವುದು ಮೂರು ಕೂಡಿಸುವ ಪಂಥಕ್ಕೆ. ಸಂಖ್ಯೆಯ ಬಿಟ್‌ಗಳನ್ನು ಎಡತುದಿಯಿಂದ ಒಂದೊಂದಾಗಿ ದಶಮಾನ ಅಂಕಿಗಳ ಸಾಲಿಗೆ ತಳ್ಳುತ್ತಾ ಹೋಗುತ್ತಾರೆ. ಪ್ರತಿ ಸಲವೂ ಸಾಲು ಇಮ್ಮಡಿಯಾಗುತ್ತದೆ. ಅಂಕಿಯೊಂದಕ್ಕೆ ನಾಲ್ಕು ಬಿಟ್ ಜಾಗ. ಅದು ತುಂಬಿ ಹರಿಯುವುದು 16ಕ್ಕೆ, ನಮಗೆ ದಶಕ ಏರಬೇಕಿರುವುದು 10ಕ್ಕೆ. ಕೊರತೆ ಆರು. ಐದೋ ಅದಕ್ಕಿಂತ ಹೆಚ್ಚೋ ಇರುವ ಅಂಕಿಗೆ ಆ ಆರರ ಅರ್ಧವನ್ನು ಮೊದಲೇ ಕೂಡಿಸಿಟ್ಟರೆ, ಇಮ್ಮಡಿಯಾದಾಗ ಕೊರತೆ ತಾನೇ ತುಂಬುತ್ತದೆ. ಏಳನ್ನು ನೋಡಿ: ಮೂರು ಸೇರಿ ಹತ್ತು, ಇಮ್ಮಡಿಸಿ ಇಪ್ಪತ್ತು, ಅದರಲ್ಲಿ ಹದಿನಾರು ಪಕ್ಕದ ಮನೆಗೆ ಒಂದು ದಶಕವಾಗಿ ಹೋಯಿತು, ಇಲ್ಲಿ ನಾಲ್ಕು ಉಳಿಯಿತು. ಹದಿನಾಲ್ಕು ಸಿಕ್ಕಿತು, ಭಾಗಾಕಾರದ ಸೋಂಕೇ ಇಲ್ಲದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಎಂಎಸ್‌ಪಿ430ರಲ್ಲಿ ದಶಮಾನದಲ್ಲೇ ಕೂಡುವ ಆದೇಶವಿರುವುದರಿಂದ ಆ ಮೂರರ ಗೊಡವೆಯೂ ಇಲ್ಲ: ಬಿಟ್ ತಳ್ಳು, ಮೊತ್ತವನ್ನು ಅದಕ್ಕೇ ಕೂಡು, ಹದಿನಾರು ಸಲ.

ಗುಣಾಕಾರ ಬಲ್ಲ ಚಿಪ್ಪುಗಳಲ್ಲಿ ಇನ್ನೊಂದು ಪಂಥ ಬೆಳೆಯಿತು. ಹತ್ತರಿಂದ ಭಾಗಿಸುವ ಬದಲು 103ರಿಂದ ಗುಣಿಸಿ 1024ರಿಂದ ಭಾಗಿಸುತ್ತಾರೆ, ಅಂದರೆ ಹತ್ತು ಬಿಟ್ ಬಲಕ್ಕೆ ಸರಿಸುತ್ತಾರೆ. ನನ್ನ ಆಕ್ಷೇಪ ಇರುವುದು ಈ ಸೂತ್ರವನ್ನು ಅದರ ಎಲ್ಲೆ ಹೇಳದೆ ಕೈಯಿಂದ ಕೈಗೆ ದಾಟಿಸುವ ರೂಢಿಯ ಬಗ್ಗೆ. ಅದು 178ರವರೆಗೆ ಮಾತ್ರ ಸರಿ. 179ಕ್ಕೆ ಹದಿನೇಳರ ಬದಲು ಹದಿನೆಂಟು ಬರುತ್ತದೆ, ಶೇಷ ಋಣ ಒಂದಾಗುತ್ತದೆ, ಅಕ್ಷರವಾಗಿಸಲು ಅದಕ್ಕೆ 48 ಕೂಡಿದರೆ 47. ಪರದೆಯ ಮೇಲೆ ‘18/’ ಎಂದು ಓರೆಗೆರೆ ಮೂಡುತ್ತದೆ. 205ರಿಂದ ಗುಣಿಸಿ ಹನ್ನೊಂದು ಬಿಟ್ ಸರಿಸಿದರೆ 255ರವರೆಗೂ ತಪ್ಪಿಲ್ಲ. ಉಷ್ಣತೆಯನ್ನೋ ಒತ್ತಡವನ್ನೋ ತೋರಿಸುವ ಉಪಕರಣದಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಹದಿನಾರು ಬಿಟ್‌ಗಳಲ್ಲಿ -32768ರ ಚಿಹ್ನೆ ಬದಲಿಸಿದರೆ ಮತ್ತೆ ಅದೇ ಬರುತ್ತದೆಂಬುದನ್ನು, ಮುಂದಿನ ಸೊನ್ನೆಗಳನ್ನು ಅಳಿಸುವಾಗ ಸೊನ್ನೆಯೇ ಮಾಯವಾಗಬಾರದೆಂಬುದನ್ನು ಮರೆಯುವವರೂ ಹೆಚ್ಚಾಗಿ ವೇಗದ ಬೆನ್ನು ಹತ್ತಿದವರೇ.

ಅಷ್ಟಕ್ಕೂ ವೇಗ ಯಾರಿಗಾಗಿ? 9600 ಬಾಡ್‌ನ ಸೀರಿಯಲ್ ತಂತಿಯಲ್ಲಿ ಒಂದು ಅಕ್ಷರ ಹೋಗಲು ಒಂದು ಮಿಲಿಸೆಕೆಂಡಿಗೂ ತುಸು ಹೆಚ್ಚೇ ಬೇಕು. ಅಷ್ಟರಲ್ಲಿ ಸೆಕೆಂಡಿಗೆ ಹತ್ತು ಲಕ್ಷ ಆದೇಶ ನಡೆಸುವ ಚಿಪ್ಪು ಸಾವಿರ ಆದೇಶ ಮುಗಿಸಿರುತ್ತದೆ. ಹತ್ತಿಪ್ಪತ್ತು ಸೈಕಲ್ ಉಳಿಸುವುದಕ್ಕಿಂತ, 64 ಬೈಟ್ ರ‍್ಯಾಮಿನ ಎಟಿಟೈನಿ13ರಲ್ಲಿ ನಾಲ್ಕು ಬೈಟ್ ಉಳಿಸುವುದು ದೊಡ್ಡ ಕಸುಬುದಾರಿಕೆ.

ಕೊನೆಯ ಹೆಜ್ಜೆಯ ಬಗ್ಗೆ ಈ ಪರಂಪರೆ ಯೋಚಿಸಿದ್ದೇ ಕಡಿಮೆ. ಅಂಕಿಗೆ 48 ಕೂಡಿದರೆ ಅಕ್ಷರವಾಯಿತು ಎಂಬ ನಂಬಿಕೆ ‘0’ಯಿಂದ ‘9’ರವರೆಗೆ ನಿಜ. ‘೦’ಯಿಂದ ‘೯’ರವರೆಗಿನ ಕನ್ನಡ ಅಂಕಿಗಳಿಗೆ ಯುಟಿಎಫ್-8ರಲ್ಲಿ ಮೂರು ಬೈಟ್ ಬೇಕು: 224, 179, ಆಮೇಲೆ 166ಕ್ಕೆ ಕೂಡಿದ ಅಂಕಿ. ಇದು ಸುಲಭವೇ. ಹಿಟಾಚಿಯ ಎಚ್‌ಡಿ44780 ಇರುವ ಎರಡು ಸಾಲಿನ ಅಗ್ಗದ ಪರದೆಯಲ್ಲಿ ಮಾತ್ರ ನಾವೇ ಬರೆದುಕೊಳ್ಳಬಹುದಾದ ಅಕ್ಷರಗಳು ಎಂಟೇ. ಸೊನ್ನೆಗೆ ಇಂಗ್ಲಿಷಿನ ‘ಓ’ ಅಕ್ಷರವನ್ನು ಸಾಲ ತಂದರೂ ಒಂಬತ್ತು ಅಂಕಿ ಉಳಿಯುತ್ತವೆ, ಜಾಗ ಎಂಟಕ್ಕೆ.