ನೂರಕ್ಕೆ ಎಷ್ಟು?

ಕೆ.ಆರ್. ಪುರ ಮೆಟ್ರೊ ನಿಲ್ದಾಣದಿಂದ ನಮ್ಮ ಮನೆಗೆ ಹನ್ನೆರಡು ನಿಮಿಷದ ನಡಿಗೆ. ಅಷ್ಟಕ್ಕೂ ಆಟೋ ಹಿಡಿಯುತ್ತಿದ್ದವನು ನಾನು. ‘ಇಷ್ಟು ದೂರಕ್ಕೆ ಆಟೋನಾ ಸಾರ್?’ ಎಂದು ಡ್ರೈವರ್ ಗೊಣಗಿದರೆ ಮಂಡಿನೋವು ಅಂತ ಸುಳ್ಳು ಹೇಳುತ್ತಿದ್ದೆ. ತಿರುವಿನ ಟ್ರಾನ್ಸ್‌ಫಾರ್ಮರ್ ಕೆಳಗೆ ನಾಲ್ಕು ನಾಯಿಗಳು ಮಲಗಿರುತ್ತವೆ ಎನ್ನಲು ನಾಚಿಕೆ.

ಇಂಥ ಭಯಕ್ಕೆ ಮನಃಶಾಸ್ತ್ರ ಕೊಡುವ ಮದ್ದು ಎಕ್ಸ್‌ಪೋಷರ್ ಥೆರಪಿ. ಹೆದರಿಸುವುದರ ಎದುರು ಮೆಟ್ಟಿಲು ಮೆಟ್ಟಿಲಾಗಿ ಹೋಗಿ, ಓಡದೆ ನಿಲ್ಲುವುದು. ಮದ್ದು ಹಿಡಿಯುತ್ತದೆ, ಅನುಭವದಿಂದಲೇ ಹೇಳುತ್ತೇನೆ. ಆದರೆ ಈ ಹೆಸರಿನಲ್ಲಿ ನಡೆಯುವ ಎಲ್ಲವನ್ನೂ ಚಿಕಿತ್ಸೆ ಎನ್ನಲಾರೆ. ಈಜು ಬಾರದ ಹುಡುಗನನ್ನು ಬಾವಿಗೆ ತಳ್ಳುವ ಮಾವಂದಿರು ಎಲ್ಲ ಮನೆಗಳಲ್ಲೂ ಇದ್ದಾರೆ. ನನ್ನ ಚಿಕ್ಕಪ್ಪ ನಾಯಿಮರಿಯನ್ನು ಮಡಿಲಿಗೆ ಹಾಕಿ ‘ನೋಡು, ಏನೂ ಮಾಡಲ್ಲ’ ಎಂದಿದ್ದರು. ನನ್ನ ಕಾಯಿಲೆಯಲ್ಲಿ ಅರ್ಧ ಪಾಲು ಬಹುಶಃ ಅವರದೇ.

ಮೆಟ್ಟಿಲುಗಳ ಪಟ್ಟಿಗೆ ಶಾಸ್ತ್ರೀಯ ರೂಪ ಕೊಟ್ಟವರು ದಕ್ಷಿಣ ಆಫ್ರಿಕಾದ ಮನೋವೈದ್ಯ ಜೋಸೆಫ್ ವೋಲ್ಪೆ, 1958ರ ತಮ್ಮ ಪುಸ್ತಕದಲ್ಲಿ. ಭಯಕ್ಕೆ ಸೊನ್ನೆಯಿಂದ ನೂರರವರೆಗೆ ಅಂಕ ಕೊಡುವ ರೂಢಿಯೂ ಅವರದೇ. ನನ್ನ ಪಟ್ಟಿ ಮೊಬೈಲಿನ ಚಿತ್ರದಿಂದ ಶುರುವಾಗಿ, ಇಂದಿರಾನಗರದ ಪಾರ್ಕಿನ ಸರಪಳಿ ಕಟ್ಟಿದ ಲ್ಯಾಬ್ರಡಾರ್ ದಾಟಿ, ಹಲಸೂರು ಕೆರೆಯ ಬೀದಿನಾಯಿಗಳ ಮೂಲಕ ಶಿವಾಜಿನಗರಕ್ಕೆ ಬಂದು ನಿಂತಿತು.

ರಸೆಲ್ ಮಾರ್ಕೆಟ್ ಪಕ್ಕ, ತಳ್ಳುಗಾಡಿಯ ಕೆಳಗೆ ಒಂದು ಕಂದು ನಾಯಿ. ಒಂದು ಕಿವಿಯ ತುದಿ ಕತ್ತರಿಸಿದ್ದರು. ಸಂತಾನಹರಣ ಮಾಡಿ ರೇಬಿಸ್ ಲಸಿಕೆ ಹಾಕಿದ ಗುರುತು.

‘ನೂರಕ್ಕೆ ಎಷ್ಟು?’ ಜೊತೆಗಿದ್ದ ಮನಶ್ಶಾಸ್ತ್ರಜ್ಞೆ ಕೇಳಿದರು.

‘ಎಂಬತ್ತೈದು.’

‘ಏನಾಗುತ್ತೆ ಅನ್ಸುತ್ತೆ?’

‘ಎದ್ದು ಬಂದು ಕಚ್ಚುತ್ತೆ.’

‘ನೋಡೋಣ. ಕೊಡೆ ಬ್ಯಾಗಿಗೆ ಹಾಕಿ.’

ಮೋಡವಿಲ್ಲದ ದಿನವೂ ಕೊಡೆ ಹಿಡಿದೇ ಹೋಗುವವ ನಾನು. ಅದು ಕೈಯಲ್ಲಿರುವ ತನಕ ಕಾಪಾಡಿದ್ದು ಕೊಡೆಯೇ ಎಂದು ಮನಸ್ಸು ಲೆಕ್ಕ ಬರೆದುಕೊಳ್ಳುತ್ತದಂತೆ. ಇಪ್ಪತ್ತು ನಿಮಿಷ ನಿಂತೆವು. ನಾಯಿ ಆಕಳಿಸಿತು, ಮಗ್ಗುಲು ಬದಲಿಸಿತು. ನನ್ನ ಅಂಕ ಅರವತ್ತಕ್ಕಿಂತ ಕೆಳಗೆ ಇಳಿಯಲೇ ಇಲ್ಲ.

ಸೋತೆ ಅಂದುಕೊಂಡೆ. ಆದರೆ ಮಿಷೆಲ್ ಕ್ರಾಸ್ಕೆಯಂಥ ಸಂಶೋಧಕರ ಪ್ರಕಾರ ಅಂಕ ಇಳಿಯುವುದೇ ಮುಖ್ಯವಲ್ಲ, ಅಂದುಕೊಂಡದ್ದು ಆಗಲಿಲ್ಲ ಎಂಬುದು ಮನಸ್ಸಿಗೆ ನಾಟಬೇಕು. ಹಳೆಯ ಭಯ ಅಳಿಯುವುದಿಲ್ಲ, ಅದರ ಪಕ್ಕದಲ್ಲಿ ಹೊಸ ಪಾಠ ಬಂದು ಕೂರುತ್ತದೆ. ಮನಶ್ಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್ 1924ರಲ್ಲಿ ಪ್ರಕಟಿಸಿದ ಪೀಟರ್‌ನ ಕಥೆಯಲ್ಲೂ ಇದರ ಸುಳಿವಿದೆ. ಮೊಲಕ್ಕೆ ಹೆದರುತ್ತಿದ್ದ ಆ ಮಗು ಸುಧಾರಿಸುತ್ತಿದ್ದಾಗ ಜ್ವರ ಬಂದು ಆಸ್ಪತ್ರೆ ಸೇರಿತು. ಹೊರಟ ದಿನ ದೊಡ್ಡ ನಾಯಿಯೊಂದು ಮೈಮೇಲೆ ಎರಗಿ ಬಂತು, ಭಯ ಮೊದಲಿನ ಮಟ್ಟಕ್ಕೇ ಮರಳಿತು. ಮತ್ತೆ ಮೊದಲಿಂದ ಶುರು ಮಾಡಬೇಕಾಯಿತು.

ನನ್ನ ತಕರಾರು ಬೇರೆಡೆ ಇದೆ. ಹೆದರಿಸುವ ವಸ್ತು ನಿರುಪದ್ರವಿ ಎಂಬ ನಂಬಿಕೆಯ ಮೇಲೆ ಈ ಪದ್ಧತಿ ನಿಂತಿದೆ. ಲಿಫ್ಟಿಗೆ, ಹಲ್ಲಿಗೆ ಅದು ಸರಿ. ಬೆಂಗಳೂರಿನ ಬೀದಿನಾಯಿ ಒಮ್ಮೊಮ್ಮೆ ಕಚ್ಚಿಯೇ ಕಚ್ಚುತ್ತದೆ, ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಅಪರೂಪದಲ್ಲಿ ಅಪರೂಪ. ನನ್ನ ಚಿಕಿತ್ಸಕಿ ಒಂದು ಸಿಟ್ಟಿಂಗ್ ಪೂರ್ತಿ ಇದಕ್ಕೇ ಇಟ್ಟರು. ಓಡಬೇಡಿ, ದಿಟ್ಟಿಸಬೇಡಿ, ಮರಿ ಹಾಕಿದ ನಾಯಿಯ ಹತ್ತಿರ ಸುಳಿಯಬೇಡಿ. ಕಚ್ಚಿದರೆ 15 ನಿಮಿಷ ಸೋಪು ನೀರಿನಲ್ಲಿ ತೊಳೆದು ಅಂದೇ ಲಸಿಕೆ ಹಾಕಿಸಿಕೊಳ್ಳಿ. ಇಡೀ ಚಿಕಿತ್ಸೆಯಲ್ಲಿ ನನಗೆ ಅತ್ಯುತ್ತಮ ಅನ್ನಿಸಿದ ಭಾಗ ಅದೇ. ಎ.ಸಿ. ಕೋಣೆಯಲ್ಲಿ ವಿಡಿಯೊ ತೋರಿಸಿ, ಉಳಿದದ್ದು ಹೋಂವರ್ಕ್ ಎಂದು ಕಳಿಸುವುದು ಅರ್ಧ ಚಿಕಿತ್ಸೆ, ಪೂರ್ತಿ ಫೀಸು.

ಯೂಟ್ಯೂಬ್ ನೋಡಿ ಸ್ವಂತ ಪ್ರಯೋಗಕ್ಕೂ ಇಳಿಯಬೇಡಿ. ರಕ್ತ, ಸೂಜಿ ಕಂಡು ಹೆದರುವ ಎಷ್ಟೋ ಮಂದಿಗೆ ರಕ್ತದೊತ್ತಡ ಕುಸಿದು ಕಣ್ಣುಕತ್ತಲೆ ಬರುತ್ತದೆ. ಅವರಿಗೆ ಮೊದಲು ಸ್ನಾಯು ಬಿಗಿಹಿಡಿಯುವುದನ್ನು ಕಲಿಸಬೇಕು.

ಈಗ ಮನೆಗೆ ನಡೆದೇ ಹೋಗುತ್ತೇನೆ. ಟ್ರಾನ್ಸ್‌ಫಾರ್ಮರ್ ಹತ್ತಿರ ಇನ್ನೂ ನಲವತ್ತು. ನೀವು ಚಿಕಿತ್ಸೆಗೆ ಹೋಗುವುದಾದರೆ ಮೊದಲ ದಿನವೇ ಎರಡು ಮಾತು ಕೇಳಿ: ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯಾ, ನನ್ನ ಜೊತೆ ಬೀದಿಗೆ ಬರ್ತೀರಾ? ಎಲ್ಲಿಗೆ ಹೋಗಬೇಕೆಂದೇ ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೂ ಮಾತಾಡುತ್ತಾರೆ.