ಬೆಲ್ ಸಾಹೇಬನ ಸಣ್ಣ ಕೋವಿ

ಸಣ್ಣ ಕೋವಿಯಿಂದ ದೊಡ್ಡ ಪ್ರಾಣಿಯನ್ನು ಹೊಡೆಯಬಹುದು ಎಂದು ವಾದಿಸುವವರು ಕೊನೆಗೆ ಕಟಕಟೆಗೆ ಕರೆತರುವ ಸಾಕ್ಷಿ ಸಾಮಾನ್ಯವಾಗಿ ಒಬ್ಬನೇ: ವಾಲ್ಟರ್ ಬೆಲ್. 1880ರಲ್ಲಿ ಎಡಿನ್‌ಬರೋ ಬಳಿ ಹುಟ್ಟಿದ ಈತ ದಂತಕ್ಕಾಗಿ ಆಫ್ರಿಕ ಸುತ್ತಿದವನು. ಉಗಾಂಡದ ಈಶಾನ್ಯ ಮೂಲೆಯ ಕರಮೋಜದಲ್ಲಿ ಅಲೆದ ಕಾರಣ ‘ಕರಮೋಜೊ ಬೆಲ್’ ಎಂದೇ ಹೆಸರಾದ. ಜೀವಮಾನದಲ್ಲಿ ಕೊಂದ ಆನೆಗಳು ಸಾವಿರಕ್ಕೂ ಮೇಲೆ. ಅವುಗಳಲ್ಲಿ ಬಹುಪಾಲು ಬಿದ್ದದ್ದು .275 ರಿಗ್ಬಿ ರೈಫಲ್ಲಿನ ಈಡಿಗೆ. ಏಳು ಮಿಲಿಮೀಟರ್ ದಪ್ಪದ, ಹನ್ನೊಂದು ಗ್ರಾಂ ಚಿಲ್ಲರೆ ತೂಗುವ ಗುಂಡು ಅದು. ಆನೆಗೆಂದೇ ಮಾಡಿಸಿದ .577 ಜೋಡುನಳಿಗೆಯ ಗುಂಡು ಸುಮಾರು 48 ಗ್ರಾಂ ತೂಗುತ್ತದೆ.

ಇಷ್ಟು ಕೇಳಿದರೆ ವಾದ ಮುಗಿಯಿತು ಅನ್ನಿಸುತ್ತದೆ. ನನಗೆ ಹಾಗನ್ನಿಸುವುದಿಲ್ಲ.

ಮೊದಲು ಬೆಲ್‌ಗೆ ಸಲ್ಲಬೇಕಾದ್ದು ಸಲ್ಲಲಿ. ಅವನದು ಹುಂಬತನವಲ್ಲ, ಲೆಕ್ಕಾಚಾರ. ಆನೆಯ ತಲೆಬುರುಡೆಯನ್ನು ಗರಗಸದಲ್ಲಿ ಸೀಳಿಸಿ, ಮಿದುಳು ಎಲ್ಲಿ ಕೂತಿದೆ, ಯಾವ ಕೋನದಿಂದ ಹೊಡೆದರೆ ಅದಕ್ಕೆ ದಾರಿ ಎಂದು ಕಲಿತವನು ಅವನು. ಆನೆಯ ತಲೆ ನೋಡಲು ಬಂಡೆಯಂತಿದ್ದರೂ ಅದರ ಬಹುಭಾಗ ಗೂಡುಗೂಡಾದ ಮೂಳೆ. ಮಿದುಳು ಹಿಂದೆ, ಆಳದಲ್ಲಿ ಅಡಗಿದ ಸಣ್ಣ ಗುರಿ. ಅದಕ್ಕೆ ಉದ್ದನೆಯ, ಪೂರ್ತಿ ಲೋಹದ ಕವಚವಿರುವ, ಒಳಹೊಕ್ಕರೂ ಅರಳದ ಗುಂಡು ನೆಟ್ಟಗೆ ತೂರಿ ಹೋದರೆ ಸಾಕು. .275 ರಿಗ್ಬಿಗೆ ಹಾಕುತ್ತಿದ್ದ, ಸೈನ್ಯಕ್ಕೆಂದು ತಯಾರಾದ 7 ಮಿ.ಮೀ. ಮೌಸರ್ ತೋಟಾ ಇದನ್ನು ಚೆನ್ನಾಗಿಯೇ ಮಾಡುತ್ತಿತ್ತು. ಅಗ್ಗ, ನಂಬಿಕಸ್ಥ. ಸದ್ದೂ ಕಡಿಮೆ, ಹಾಗಾಗಿ ಹಿಂಡು ದಿಕ್ಕಾಪಾಲಾಗುತ್ತಿರಲಿಲ್ಲ. ದಿನವಿಡೀ ನಡೆಯುವವನ ಹೆಗಲಿಗೆ ಭಾರವಿಲ್ಲದ ಕೋವಿಯ ಬೆಲೆ ನಡೆದವನಿಗೇ ಗೊತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಹೆಗಲಿಗೆ ಒದೆಯದ ಕೋವಿಗೆ ಮನುಷ್ಯ ಹೆದರುವುದಿಲ್ಲ. ದೊಡ್ಡ ಕೋವಿಯ ಒದೆತ ನೆನೆದು ಟ್ರಿಗರ್ ಎಳೆಯುವಾಗಲೇ ಕಣ್ಣು ಮುಚ್ಚುವ ಶಿಕಾರಿಗಿಂತ, ಸಣ್ಣದನ್ನು ಹಿಡಿದು ಗುರಿ ನೆಟ್ಟವನು ಪ್ರಾಣಿಯನ್ನು ಬೇಗ ಕೊಲ್ಲುತ್ತಾನೆ. ಇದು ನಿಜ, ಇಂದಿಗೂ ನಿಜ.

ಇದೇನೂ ದೊಡ್ಡ ಪ್ರಾಣಿಗೆ ದೊಡ್ಡ ಕೋವಿಯೇ ಬೇಕೆಂಬ ಹಳೆಯ ಕಾಲದ ಮೂಢನಂಬಿಕೆಯನ್ನು ಒಬ್ಬ ಜಾಣ ಮುರಿದ ಕತೆಯೂ ಅಲ್ಲ. 1870ರ ದಶಕದಲ್ಲಿ ಮೈಸೂರು ಸಂಸ್ಥಾನದಲ್ಲಿ ಖೆಡ್ಡಾ ನಡೆಸಿದ ಸ್ಯಾಂಡರ್ಸನ್ ನಾಲ್ಕು ಬೋರಿನ ಕೋವಿ ಬಳಸುತ್ತಿದ್ದ. ಒಂದು ಪೌಂಡ್ ಸೀಸಕ್ಕೆ ನಾಲ್ಕೇ ಗುಂಡು ಆಗುವ ಅಳತೆ ಅದು. ಕರಿಮದ್ದಿನಿಂದ ಗುಂಡಿಗೆ ಹೆಚ್ಚು ವೇಗ ಹುಟ್ಟುತ್ತಿರಲಿಲ್ಲ, ಆದ್ದರಿಂದ ತೂಕ ಹೆಚ್ಚಿಸುವುದೊಂದೇ ದಾರಿ. ಶತಮಾನದ ಕೊನೆಗೆ ಹೊಗೆಯಿಲ್ಲದ ಮದ್ದು ಬಂದ ಮೇಲೆ ಲೆಕ್ಕವೇ ಬದಲಾಯಿತು. ಬೆಲ್ ಆ ಬದಲಾವಣೆಯನ್ನು ಬೇರೆಯವರಿಗಿಂತ ಮೊದಲೇ, ಕೊನೆಯ ಮಿತಿಯವರೆಗೂ ದುಡಿಸಿಕೊಂಡ.

ಆ ಮಿತಿಯಲ್ಲೇ ನನ್ನ ತಕರಾರು. ಮಿದುಳಿಗೆ ತಾಗಿದ ಗುಂಡು .275 ಆದರೇನು, .577 ಆದರೇನು, ಆನೆ ಕುಸಿಯುತ್ತದೆ. ಪ್ರಶ್ನೆ ಇರುವುದು ಮಿದುಳು ತಪ್ಪಿದಾಗ. ಬೆಲ್‌ನ ಗುಂಡು ನಳಿಗೆ ಬಿಡುವಾಗ ಅದರ ಶಕ್ತಿ ಸುಮಾರು 2,700 ಜೌಲ್; .577ರದು 9,000 ದಾಟುತ್ತದೆ. ಆಫ್ರಿಕದ ಮತ್ತೊಬ್ಬ ಬೇಟೆಗಾರ ಜಾನ್ ಟೇಲರ್ ತನ್ನ 1948ರ ಪುಸ್ತಕದಲ್ಲಿ ಈ ವ್ಯತ್ಯಾಸಕ್ಕೇ ಒಂದು ಸೂತ್ರ ಕಟ್ಟಿದ: ಗುಂಡಿನ ತೂಕ, ವೇಗ, ದಪ್ಪ ಮೂರನ್ನೂ ಗುಣಿಸಿ, ಮಿದುಳಿಗೆ ತುಸು ಆಚೀಚೆ ಬಡಿದರೂ ಆನೆಯನ್ನು ತಲೆತಿರುಗಿಸಿ ಕೆಡಹುವ ಕಸುವನ್ನು ಅಳೆಯುವುದು. ಆ ಸೂತ್ರ ವಿಜ್ಞಾನವಲ್ಲ, ಅನುಭವಕ್ಕೆ ಹಾಕಿದ ಅಂಕಿ. ಆದರೂ ಅದು ಕೇಳುವ ಪ್ರಶ್ನೆ ಸರಿಯಾದದ್ದು. ಸಣ್ಣ ಕೋವಿ ತಪ್ಪನ್ನು ಕ್ಷಮಿಸುವುದಿಲ್ಲ. ಬೆಲ್ ತಪ್ಪುವುದು ಅಪರೂಪ; ಅವನ ಆನೆಗಳೋ ಬಂದೂಕಿನ ಪರಿಚಯ ಅಷ್ಟಾಗಿ ಇಲ್ಲದವು, ಹತ್ತಿರ ಬಿಟ್ಟುಕೊಳ್ಳುತ್ತಿದ್ದವು. ಅವನನ್ನು ನಂಬಿ ಸಣ್ಣ ಕೋವಿ ಹಿಡಿದು ಹೋಗಿ ಆನೆ ಕಾಲಿಗೆ ಸಿಕ್ಕವರು ಯಾರೂ ಪುಸ್ತಕ ಬರೆಯಲಿಲ್ಲ.

ಕೆನಡಾದ ಆಲ್ಬರ್ಟದಲ್ಲಿ ಬೆಲ್ಲಾ ಟ್ವಿನ್ ಎಂಬ ಕ್ರೀ ಬುಡಕಟ್ಟಿನ ಮಹಿಳೆ 1953ರಲ್ಲಿ .22 ಕೋವಿಯಿಂದ ಒಂದು ದೈತ್ಯ ಗ್ರಿಜ್ಲಿ ಕರಡಿಯನ್ನು ಕೊಂದದ್ದೂ ಇಂಥದೇ ಸಾಕ್ಷಿ. ಮೊಲ ಹೊಡೆಯುವ ಆ ಗುಂಡಿನ ಶಕ್ತಿ 200 ಜೌಲ್ ಕೂಡ ಇಲ್ಲ. ಕಣ್ಣು ಕಿವಿಗಳ ನಡುವೆ ಹೊಡೆದಳು, ಕರಡಿ ಬಿತ್ತು, ಬಿದ್ದ ಮೇಲೂ ಗುಂಡು ಹಾಕುತ್ತಲೇ ಇದ್ದಳು. ಕೈಯಲ್ಲಿದ್ದದ್ದು ಅದೊಂದೇ, ಅದಕ್ಕೇ ಹೊಡೆದಳು. ಆಕೆಯ ಗುಂಡಿಗೆಯನ್ನು ಮೆಚ್ಚೋಣ. ಕರಡಿ ಬೇಟೆಗೆ .22 ಸಾಕು ಎಂಬ ತೀರ್ಮಾನಕ್ಕೆ ಮಾತ್ರ ಅದರಲ್ಲಿ ಆಧಾರವಿಲ್ಲ.

ನರಭಕ್ಷಕ ಹುಲಿಗಳ ಬೇಟೆಗಾರ ಜಿಮ್ ಕಾರ್ಬೆಟ್‌ನ ಕೈಯಲ್ಲೂ ಇದೇ .275 ರಿಗ್ಬಿ ಇತ್ತು. ಚಂಪಾವತದ ನರಭಕ್ಷಕಿ ಹುಲಿಯನ್ನು 1907ರಲ್ಲಿ ಕೊಂದದ್ದಕ್ಕೆ ಸಂಯುಕ್ತ ಪ್ರಾಂತದ ಲೆಫ್ಟಿನೆಂಟ್ ಗವರ್ನರ್ ಕೊಟ್ಟ ಬಹುಮಾನ ಅದು. ಮುಂದೆ ಚೌಗಡದ ಹುಲಿ ಕೆಲವೇ ಅಡಿ ದೂರದಲ್ಲಿ ಕೂತು ದಿಟ್ಟಿಸುತ್ತಿದ್ದಾಗ, ಎಡಗೈಯಲ್ಲಿ ಹಕ್ಕಿಯ ಮೊಟ್ಟೆ ಹಿಡಿದಿದ್ದ ಆತ ಬಲಗೈ ಒಂದರಿಂದಲೇ ಕೋವಿಯನ್ನು ನಿಧಾನ ತಿರುಗಿಸಿ ಹೊಡೆದ. ಭಾರದ ಜೋಡುನಳಿಗೆಯಲ್ಲಿ ಆ ಕೆಲಸ ಆಗುತ್ತಿತ್ತೇ, ಸಂಶಯ. ಹಾಗಿದ್ದೂ ಹುಲಿಗೆ ಹೋಗುವಾಗ .450/400 ಜೋಡುನಳಿಗೆಯನ್ನೂ ಆತ ನೆಚ್ಚುತ್ತಿದ್ದ. ತೇಜಸ್ವಿಯವರ ‘ಕಾಡಿನ ಕತೆಗಳು’ ಮೂಲಕ ಕನ್ನಡಿಗರಿಗೆ ಪರಿಚಿತನಾದ ಬೆಂಗಳೂರಿನ ಕೆನೆತ್ ಆಂಡರ್ಸನ್ ಹಿಡಿದದ್ದು .405 ವಿಂಚೆಸ್ಟರ್.

ಚಂಪಾವತದ ಆ ಹುಲಿಯ ಹೆಣ ನೋಡಿದಾಗ ಬಲಬದಿಯ ಮೇಲಿನ, ಕೆಳಗಿನ ಕೋರೆಹಲ್ಲುಗಳು ಮುರಿದಿದ್ದವು. ಹಿಂದೆಂದೋ ಬಿದ್ದ ಗುಂಡೇಟು ಅದಕ್ಕೆ ಕಾರಣ, ಅದು ನರಭಕ್ಷಕಿಯಾದದ್ದೂ ಅದರಿಂದಲೇ ಎನ್ನುತ್ತಾನೆ ಕಾರ್ಬೆಟ್. ಅದರ ಬಾಯಿಗೆ ಸಿಕ್ಕಿ ಸತ್ತ ಜನ 436. ಆ ಮೊದಲ ಗುಂಡು ದೊಡ್ಡ ಕೋವಿಯದೋ ಸಣ್ಣದ್ದೋ, ಅದು ಇಲ್ಲಿ ಬೇಡ. ಕೊಲ್ಲದೆ ಉಳಿದ ಈಡಿನ ಸಾಲವನ್ನು ಹೊಡೆದವನು ತೀರಿಸುವುದಿಲ್ಲ. ಹುಲ್ಲು ಸೌದೆಗೆ ಹೋದ ಹೆಂಗಸರು ತೀರಿಸುತ್ತಾರೆ. ಕೋವಿಯ ಯೋಗ್ಯತೆಯನ್ನು ಸತ್ತ ಪ್ರಾಣಿಯ ಪಕ್ಕ ನಿಂತು ಅಳೆಯುವವರು ಈ ಲೆಕ್ಕ ಮರೆಯುತ್ತಾರೆ.

ಹಾಗೆಂದು ‘ಸಣ್ಣದು’ ಎಂದೊಡನೆ ಕೈ ಬಿಡಬೇಕಿಲ್ಲ. ಸ್ವೀಡನ್ನಿನಲ್ಲಿ ನಾನೂರು ಕಿಲೋ ದಾಟುವ ಮೂಸ್ ಕಡವೆಯನ್ನು 6.5 ಮಿ.ಮೀ. ರೈಫಲ್ಲಿನಿಂದ ತಲೆಮಾರುಗಳಿಂದ ಹೊಡೆಯುತ್ತಾರೆ. ಅಲ್ಲಿನ ನಿಯಮ ಬರೀ ನಳಿಗೆಯ ಅಳತೆ ಕೇಳುವುದಿಲ್ಲ. ಹತ್ತು ಗ್ರಾಂ ಅಥವಾ ಅದಕ್ಕೆ ಮೇಲ್ಪಟ್ಟ ಗುಂಡಾದರೆ ನೂರು ಮೀಟರ್ ದೂರದಲ್ಲಿ 2,000 ಜೌಲ್ ಉಳಿದಿರಬೇಕು. ಜರ್ಮನಿಯಲ್ಲೂ ಕೆಂಪು ಜಿಂಕೆ, ಕಾಡುಹಂದಿಗಳಿಗೆ ಕನಿಷ್ಠ 6.5 ಮಿ.ಮೀ., ಅಷ್ಟೇ ಜೌಲ್. ಮೂಸ್ ಓಡಿಹೋದೀತು, ತಿರುಗಿ ಬಂದು ತುಳಿಯುವುದು ಅಪರೂಪ. ಅದರ ಎದೆಗೂಡು ಆನೆಯ ಬುರುಡೆಯಲ್ಲ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಈ ಚರ್ಚೆ ಶಿಕಾರಿಗಳ ಕೈಬಿಟ್ಟಿದೆ. ಆದರೆ ಕಾಫಿ ಸೀಮೆಯಲ್ಲಿ ಓಡಿಸಲೆಂದು ಹೊಡೆದ ಚರೆ ಮೈಯಲ್ಲಿಟ್ಟುಕೊಂಡು ಓಡಾಡುವ ಕಾಡಾನೆಗಳ ಸುದ್ದಿ ಈಗಲೂ ಬರುತ್ತದೆ. ಚರೆ ಆನೆಯನ್ನು ಕೊಲ್ಲುವುದಿಲ್ಲ, ಕೆರಳಿಸುತ್ತದೆ, ಕೀವು ಕಟ್ಟಿಸುತ್ತದೆ.

ನನ್ನ ತೀರ್ಪು ಇಷ್ಟು: ಜಿಂಕೆ, ಮೂಸ್‌ಗಳಿಗೆ ಒಳ್ಳೆಯ ಗುಂಡಿನ 6.5, 7 ಮಿ.ಮೀ. ಧಾರಾಳ ಸಾಕು. ಆನೆ, ಕಾಡೆಮ್ಮೆಗಳಿಗೆ ಬೆಲ್‌ನ ಕೋವಿ ಬೆಲ್‌ಗೆ ಮಾತ್ರ ಸರಿ. ಬೇಟೆಗೆ ಇನ್ನೂ ಅನುಮತಿಯಿರುವ ಆಫ್ರಿಕದ ಹಲವು ದೇಶಗಳ ಕಾನೂನೂ ಅಪಾಯದ ಪ್ರಾಣಿಗಳಿಗೆ .375ಕ್ಕಿಂತ ಕಡಿಮೆಯ ಕೋವಿಯನ್ನು ಒಪ್ಪುವುದಿಲ್ಲ. ಅಲ್ಲಿಗೆ ಬೆಲ್ ಇಂದು ತನ್ನ ರಿಗ್ಬಿ ಹಿಡಿದು ಬಂದರೆ ಆನೆಗೆ ಪರವಾನಗಿ ಸಿಗುವುದಿಲ್ಲ.